ಮಗು ಸೋಮಾರಿಯಲ್ಲ, ಮೊದಲು ಪಾದ ನೋಡಿ

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ನಮ್ಮ ಊರುಗಳಲ್ಲಿ ಶಾಲೆಗೂ ನಡೆಯಬೇಕು, ಹೊಲಕ್ಕೂ ನಡೆಯಬೇಕು. ಅಂಥ ಕಡೆ ‘ಕಾಲು ನೋವು’ ಅಂದ ಮಗುವಿಗೆ ಸಿಗುವ ಮೊದಲ ಮದ್ದು ಬೈಗುಳ. ಸೋಮಾರಿ, ನಾಟಕ ಆಡ್ತಾನೆ, ಆಟದ ಪೀರಿಯಡ್ ತಪ್ಪಿಸ್ತಾಳೆ. ಎರಡನೇ ಮದ್ದು ಎಣ್ಣೆ ನೀವುವುದು. ಎರಡೂ ನಿಲ್ಲಲಿ ಅನ್ನುತ್ತೇವೆ ನಾವು.

ಕೆಲವು ಮಕ್ಕಳಿಗೆ ಹಿಂಪಾದದ ಎರಡು ಮೂಳೆಗಳ ನಡುವೆ ಹುಟ್ಟಿನಿಂದಲೇ ಸೇತುವೆಯಂತೆ ಅಂಟು ಇರುತ್ತದೆ. ವೈದ್ಯರು ಇದನ್ನು ಟಾರ್ಸಲ್ ಕೊಯಲಿಷನ್ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅದು ಮೆತ್ತಗಿರುತ್ತದೆ. 8ರಿಂದ 16 ವರ್ಷದೊಳಗೆ ಗಟ್ಟಿಯಾಗುತ್ತದೆ, ಆಗ ನೋವು ಶುರು. ಹೆಂಟೆ, ಕಲ್ಲಿನ ದಾರಿಯಲ್ಲಿ ಪಾದ ಹೊರಳುವುದಿಲ್ಲ, ಕಾಲು ಪದೇ ಪದೇ ಉಳುಕುತ್ತದೆ. ಎಣ್ಣೆಗೆ ಮೂಳೆ ಕರಗುತ್ತದೆಯೇ?

ಮನೆಯಲ್ಲೇ ನೋಡಿ. ಮಗುವನ್ನು ತುದಿಗಾಲಲ್ಲಿ ನಿಲ್ಲಿಸಿ. ಚಪ್ಪಟೆ ಪಾದದಲ್ಲಿ ಕಮಾನು ಎದ್ದರೆ, ನೋವೂ ಇಲ್ಲದಿದ್ದರೆ ಸಾಮಾನ್ಯವಾಗಿ ಭಯವಿಲ್ಲ. ಕಮಾನು ಏಳದೆ ಪಾದ ಬಿಗಿದೇ ಇದ್ದರೆ ಮೂಳೆ ವೈದ್ಯರಿಗೆ ತೋರಿಸಲೇಬೇಕು.

ಈಗ ಸರ್ಕಾರಕ್ಕೆ ಒಂದು ಮಾತು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಹುಟ್ಟಿನ ನ್ಯೂನತೆಗಳ ಪಟ್ಟಿಯಲ್ಲಿ ಸೊಟ್ಟಪಾದ ಇದೆ, ಅಂಟುಮೂಳೆ ಇಲ್ಲ. ಕಣ್ಣು, ಹಲ್ಲು ನೋಡುವ ತಂಡ ‘ತುದಿಗಾಲಲ್ಲಿ ನಿಲ್ಲು’ ಅನ್ನಲು ಅರ್ಧ ನಿಮಿಷ ಸಾಕು. ಯಂತ್ರ ಬೇಡ, ಅನುದಾನ ಬೇಡ.

ಎಕ್ಸ್‌ರೇ ವಿಷಯವೂ ಅಷ್ಟೇ. ನೇರ ಮತ್ತು ಪಕ್ಕದ ಚಿತ್ರದಲ್ಲಿ ಈ ಸೇತುವೆ ತಪ್ಪಿಸಿಕೊಳ್ಳಬಹುದು. ಹಿಮ್ಮಡಿ ಮೂಳೆಯಿಂದ ಮುಂದಕ್ಕೆ ಅಂಟಿದ್ದರೆ ಓರೆಯಾಗಿ ತೆಗೆದ ಚಿತ್ರದಲ್ಲಿ ಕಾಣುತ್ತದೆ, ಅದೇ ಯಂತ್ರ ಸಾಕು. ಹಿಮ್ಮಡಿ ಮೇಲಿನ ಕೀಲಲ್ಲಿ ಅಂಟಿದ್ದರೆ ಮಾತ್ರ ಸಿ.ಟಿ. ಸ್ಕ್ಯಾನ್ ಬೇಕಾಗುತ್ತದೆ.

‘ಅಪರೂಪದ ಕಾಯಿಲೆಗೆ ಇಷ್ಟೆಲ್ಲ ಯಾಕೆ?’ ಅನ್ನಬೇಡಿ. ನೂರರಲ್ಲಿ ಒಬ್ಬರಿಗಾದರೂ ಇರಬಹುದು ಎನ್ನುವುದು ಸಾಮಾನ್ಯ ಅಂದಾಜು. ಎಲ್ಲರಿಗೂ ನೋವು ಬರುವುದಿಲ್ಲ, ನೋವು ಬಂದವರಿಗೆಲ್ಲ ಆಪರೇಷನ್ನೂ ಬೇಕಿಲ್ಲ. ಮೊದಲು ವಿಶ್ರಾಂತಿ, ಚಪ್ಪಲಿಯೊಳಗೆ ಮೆತ್ತೆ, ಕೆಲವು ವಾರ ಪ್ಲಾಸ್ಟರ್. ಅದಕ್ಕೂ ಬಗ್ಗದಿದ್ದರೆ ಸೇತುವೆಯನ್ನು ಕತ್ತರಿಸಿ ತೆಗೆದು, ಮತ್ತೆ ಅಂಟದಂತೆ ಆ ಜಾಗಕ್ಕೆ ಮಗುವಿನದೇ ಕೊಬ್ಬು ಅಥವಾ ಸ್ನಾಯು ತುಂಬುತ್ತಾರೆ. ಪಾದ ಮತ್ತೆ ಹೊರಳಬಹುದು.

ವರ್ಷಗಟ್ಟಲೆ ಬೈದು, ನೀವಿ, ಕೀಲು ಸವೆದ ಮೇಲೆ ಹೋದರೆ ಕೀಲನ್ನೇ ಬೆಸೆಯಬೇಕಾಗಬಹುದು. ನೋವು ಹೋದರೂ ಆ ಬಿಗಿ ಜೀವನಪೂರ್ತಿ. ಕೂಲಿ ಮಾಡಿ ಬದುಕುವ ಮನೆಯ ಮಗುವಿಗೆ ಅದು ಸಣ್ಣ ನಷ್ಟವಲ್ಲ.

ಮುಂದಿನ ಸಲ ತಪಾಸಣೆ ತಂಡ ನಿಮ್ಮೂರ ಶಾಲೆಗೆ ಬಂದಾಗ ಎಸ್‌ಡಿಎಂಸಿಯವರು ಕೇಳಿ: ‘ಪಾದ ನೋಡಿದಿರಾ?’