ಹೆರಿಗೆಗೆ ವಿಮಾನ ಹತ್ತುವ ತಾಯಂದಿರು



ದಿನ ತುಂಬುತ್ತಿರುವ ಮಗಳನ್ನು ದೂರದ ಆಸ್ಪತ್ರೆಗೆ ಕಳಿಸಲು ಮನಸ್ಸು ಒಪ್ಪದೆ ಒದ್ದಾಡುತ್ತಿರುವ ತಾಯಿಯೊಬ್ಬರ ಪತ್ರ ಮೊನ್ನೆ ಬಂದಿತ್ತು. ಅದನ್ನು ಓದುತ್ತಿದ್ದಾಗ ನನಗೆ ನೆನಪಾದವರು ಕೆನಡಾ ದೇಶದ ಉತ್ತರದ ಕಾಡುಗಳಲ್ಲಿರುವ ಓಜಿ-ಕ್ರೀ ಹೆಂಗಸರು. ಅಲ್ಲಿ ಈ ಸಂಕಟ ಮನೆಮನೆಯದ್ದು.

ಓಜಿ-ಕ್ರೀ ಜನ ಆ ನೆಲದ ಮೂಲನಿವಾಸಿಗಳು. ಒಂಟಾರಿಯೋ ಪ್ರಾಂತ್ಯದ ವಾಯವ್ಯ ಭಾಗದಲ್ಲೂ ಪಕ್ಕದ ಮ್ಯಾನಿಟೋಬಾದಲ್ಲೂ ಸರೋವರಗಳ ದಡದಲ್ಲಿ ಅವರ ಊರುಗಳಿವೆ. ಸ್ಯಾಂಡಿ ಲೇಕ್, ಬೇರ್‌ಸ್ಕಿನ್ ಲೇಕ್, ಬಿಗ್ ಟ್ರೌಟ್ ಲೇಕ್ ಅಂತ ಹೆಸರುಗಳೆಲ್ಲ ನೀರಿನವೇ. ತಮ್ಮ ಭಾಷೆಯನ್ನು ಅನಿಶಿನಿನೀಮೊವಿನ್ ಅನ್ನುತ್ತಾರೆ. ಅದರ ಲಿಪಿ ಬಹಳ ಸೊಗಸು. ಒಂದೇ ಅಕ್ಷರವನ್ನು ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ತಿರುಗಿಸಿದರೆ ಸಾಕು, ಸ್ವರ ಬದಲಾಗುತ್ತದೆ. ಕಾಗುಣಿತ ತಿದ್ದುವ ನಮ್ಮ ಮಕ್ಕಳು ಕೇಳಿದರೆ ಹೊಟ್ಟೆಕಿಚ್ಚು ಪಟ್ಟಾರು!

ಈ ಊರುಗಳಿಗೆ ವರ್ಷವಿಡೀ ಓಡಾಡುವ ರಸ್ತೆ ಇಲ್ಲ. ವಿಮಾನವೇ ಅವರ ಬಸ್ಸು. ಚಳಿಗಾಲದಲ್ಲಿ ಸರೋವರ, ಜೌಗು ಎಲ್ಲ ಕಲ್ಲಿನಂತೆ ಹೆಪ್ಪುಗಟ್ಟಿದಾಗ ಅದರ ಮೇಲೇ ದಾರಿ ಮಾಡಿ ಕೆಲವು ವಾರ ಲಾರಿ ಓಡಿಸುತ್ತಾರೆ. ಎಣ್ಣೆ, ಮನೆ ಕಟ್ಟುವ ಸಾಮಾನು, ಮೂಟೆಗಟ್ಟಲೆ ಹಿಟ್ಟು ಎಲ್ಲ ಆಗಲೇ ಬರಬೇಕು. ಈಗೀಗ ಆ ದಾರಿಯನ್ನೂ ನೆಚ್ಚುವಂತಿಲ್ಲ. 2024ರ ಫೆಬ್ರವರಿಯಲ್ಲಿ ಚಳಿ ಸಾಲದೆ ದಾರಿ ಗಟ್ಟಿಯಾಗದೆ, ಅಲ್ಲಿನ ಮುಖಂಡರು ತುರ್ತು ಪರಿಸ್ಥಿತಿ ಘೋಷಿಸಬೇಕಾಯಿತು. ಉಳಿದ ತಿಂಗಳುಗಳಲ್ಲಿ ಹಾಲು, ಹಣ್ಣು, ಮಗುವಿನ ಬಟ್ಟೆಯ ತನಕ ಎಲ್ಲ ವಿಮಾನದಲ್ಲಿ ಬರುವುದರಿಂದ ಬೆಲೆಯೂ ಆಕಾಶದಲ್ಲೇ ಇರುತ್ತೆ.

ಇನ್ನು ಹೆರಿಗೆಯ ಮಾತು. ಊರಿನಲ್ಲಿ ನರ್ಸುಗಳಿರುವ ಪುಟ್ಟ ಚಿಕಿತ್ಸಾಲಯ ಇರುತ್ತದೆ, ಡಾಕ್ಟರು ಆಗಾಗ ವಿಮಾನದಲ್ಲಿ ಬಂದು ಹೋಗುತ್ತಾರೆ. ಆಪರೇಷನ್ ಮಾಡುವ ಅನುಕೂಲ ಇಲ್ಲ. ಆದ್ದರಿಂದ ಗರ್ಭಿಣಿಗೆ 36ರಿಂದ 38 ವಾರ ತುಂಬುವಷ್ಟರಲ್ಲಿ ಅವಳನ್ನು ಸೂ ಲುಕ್‌ಔಟ್ ಎಂಬ ರೈಲ್ವೆ ಪಟ್ಟಣಕ್ಕೋ, ಇನ್ನೂ ದೂರದ ಥಂಡರ್ ಬೇ ಅಥವಾ ವಿನ್ನಿಪೆಗ್ ನಗರಕ್ಕೋ ಕಳಿಸಿಬಿಡುತ್ತಾರೆ. ಅಲ್ಲಿ ತಂಗುಮನೆಯಲ್ಲಿ ಕೂತು ನೋವು ಬರುವುದನ್ನೇ ಕಾಯಬೇಕು. ಎರಡು ವಾರವೋ, ಮೂರು ವಾರವೋ, ಮಗು ತಡಮಾಡಿದರೆ ತಿಂಗಳೋ! ನಾವು ಹೆರಿಗೆಗೆ ಅಂತ ತವರಿಗೆ ಹೋದೆವು. ಆಕೆ ತಾಯಿ, ಅಜ್ಜಿ, ಅಕ್ಕತಂಗಿಯರನ್ನೆಲ್ಲ ಬಿಟ್ಟು ಹೋಗಬೇಕು.

ಹಿಂದೆ ಹೀಗಿರಲಿಲ್ಲ. ಸೂಲಗಿತ್ತಿಯರು ಊರಲ್ಲೇ, ಬೇಟೆಯ ಬಿಡಾರದಲ್ಲೇ ಹೆರಿಗೆ ಮಾಡಿಸುತ್ತಿದ್ದರು. ಅಜ್ಜಿಯರು ಜೌಗುನೆಲದ ಮೆತ್ತನೆಯ ಪಾಚಿಯನ್ನು ಕಿತ್ತು ತಂದು, ಒಣಗಿಸಿ, ಕಸಕಡ್ಡಿ ಆರಿಸಿ ಇಟ್ಟಿರುತ್ತಿದ್ದರು. ನಮ್ಮ ಬಾವಿಕಟ್ಟೆಯ ಜಾರುವ ಪಾಚಿ ಅಂದುಕೊಳ್ಳಬೇಡಿ, ಇದು ಸ್ಪಂಜಿನ ಹಾಗೆ ನೀರು ಹೀರುತ್ತದೆ. ಮಗುವಿನ ಅಡಿಗೆ ಅದನ್ನೇ ಹಾಸಿ, ಸುತ್ತಿ ಕಟ್ಟಿ, ತಿಕಿನಾಗನ್ ಎಂಬ ಮರದ ಹಲಗೆಯ ತೊಟ್ಟಿಲಿಗೆ ಬಿಗಿಯುತ್ತಿದ್ದರು. ತಾಯಿ ಅದನ್ನು ಬೆನ್ನಿಗೇರಿಸಿ ನಡೆಯಬಹುದು, ಕೆಲಸ ಮಾಡುವಾಗ ಪಕ್ಕದಲ್ಲಿ ಆನಿಸಿ ಇಡಬಹುದು. ತಿಕಿನಾಗನ್ ಇವತ್ತಿಗೂ ಇದೆ. ಆಸ್ಪತ್ರೆಯಲ್ಲೇ ಹೆರಬೇಕೆಂಬ ಸರಕಾರದ ನೀತಿ ಬಲವಾದ ಮೇಲೆ ಮೂಲೆಗೆ ಸರಿದದ್ದು ಸೂಲಗಿತ್ತಿಯ ವಿದ್ಯೆ.

ಆಸ್ಪತ್ರೆ ಬೇಡವೆಂದು ನಾನು ಹೇಳುತ್ತಿಲ್ಲ. ರಕ್ತ ನಿಲ್ಲದೆ ಹೋದಾಗ, ಮಗು ಅಡ್ಡ ಬಂದಾಗ ವಿಮಾನಕ್ಕೆ ಕಾಯುತ್ತಾ ಕೂರುವುದು ಯಾರಿಗೆ ಬೇಕು? ಸೂ ಲುಕ್‌ಔಟ್‌ನ ಮೆನೋ ಯಾ ವಿನ್ ಆಸ್ಪತ್ರೆಯವರು ಅವರ ಭಾಷೆ ಬಲ್ಲವರನ್ನು ಇಟ್ಟಿದ್ದಾರೆ, ಮೂಸ್ ಎಂಬ ದೊಡ್ಡ ಕಾಡುಜಿಂಕೆಯ ಮಾಂಸ, ಮೀನು ಮುಂತಾದ ಅವರ ಊಟವನ್ನೂ ಬಡಿಸುತ್ತಾರೆ. ಬಾಯಿಗೆ ಹಿಡಿಸದ ಆಸ್ಪತ್ರೆ ಊಟ ಉಂಡು ಗೊತ್ತಿರುವವರಿಗೆ ಇದರ ಬೆಲೆ ತಿಳಿದೀತು.

ಆದರೆ ಎಷ್ಟೋ ವರ್ಷ ಆ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಒಬ್ಬೊಬ್ಬರೇ ಹೋಗಿ ಹೆತ್ತು ಬಂದರು. ಜೊತೆಗೆ ಬರುವವರ ಖರ್ಚನ್ನು ಸರಕಾರ ಎಲ್ಲರಿಗೂ ಕೊಡುತ್ತಿರಲಿಲ್ಲ. 2017ರಲ್ಲಿ ಆ ನಿಯಮ ಬದಲಾಯಿತು. ಹೆರಿಗೆಗೆ ಊರು ಬಿಡುವ ಪ್ರತಿಯೊಬ್ಬಳೂ ಒಬ್ಬರನ್ನು ಕರೆದುಕೊಂಡು ಹೋಗಬಹುದು ಅಂತಾಯಿತು.

ಒಬ್ಬರನ್ನು ಮಾತ್ರ. ಗಂಡ ಬಂದರೆ ಮನೆಯಲ್ಲಿರುವ ಚಿಕ್ಕವನ್ನು ನೋಡಿಕೊಳ್ಳುವವರು ಯಾರು, ಸೌದೆ ಒಡೆಯುವವರು ಯಾರು? ಅಮ್ಮ ಬಂದರೆ ಮಗುವಿನ ಮುಖವನ್ನು ಗಂಡ ನೋಡುವುದು ವಿಮಾನ ಇಳಿದ ಮೇಲೆಯೇ. ನೀವಾಗಿದ್ದರೆ ಯಾರನ್ನು ಕರೆದೊಯ್ಯುತ್ತಿದ್ದಿರಿ? ಬರೆದು ತಿಳಿಸಿ, ಮುಂದಿನ ಸಂಚಿಕೆಯಲ್ಲಿ ನಿಮ್ಮ ಪತ್ರಗಳಿಗೆ ಜಾಗ ಮಾಡುತ್ತೇನೆ.