ಡಬ್ಬಿಯ ಮೇಲಿನ ಕಿಲೋಮೀಟರು, ಕಬ್ಬಿನ ಹೊಲದ ಕಿಲೋಮೀಟರು

ಕಬ್ಬು ನುರಿಸುವ ಹಂಗಾಮು ಆರಂಭವಾಯಿತೆಂದರೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ರಸ್ತೆಗಳಲ್ಲಿ ಟ್ರ್ಯಾಕ್ಟರುಗಳ ಸಾಲು ಬೆಳೆಯುತ್ತದೆ. ಕಾಟಾದ ಬಳಿಯ ಗುಮಾಸ್ತನ ಮಾತು ಸಾಲಿನ ತುದಿಗೂ ಹೊಲದಲ್ಲಿರುವ ಕಟಾವು ಗ್ಯಾಂಗಿಗೂ ಕೂಡಲೇ ಮುಟ್ಟಬೇಕು. ಮೊಬೈಲಿನ ಸಾಮಾನ್ಯ ಕರೆ ಒಬ್ಬನಿಗೆ ಮಾತ್ರ ಕೇಳುತ್ತದೆ. ವಾಕಿಟಾಕಿಯ ಗುಂಡಿ ಒತ್ತಿ ಆಡಿದ ಮಾತು ಆರು ಜನರಿಗೂ ಏಕಕಾಲಕ್ಕೆ ಕೇಳುತ್ತದೆ. ಆದಕಾರಣ ಈ ಉಪಕರಣಕ್ಕೆ ನಮ್ಮ ಭಾಗದಲ್ಲಿ ಬೇಡಿಕೆ ಇರುವುದು ಸಹಜ.

ಅದನ್ನು ಕೊಳ್ಳುವ ರೀತಿ ಮಾತ್ರ ಆಶ್ಚರ್ಯಕರ. ಬೆಲ್ಲದ ಪೆಂಟಿಯನ್ನು ಒಡೆದು ನೋಡದೆ ದರ ಹೇಳದ ವರ್ತಕರೇ, ವಾಕಿಟಾಕಿಯ ಡಬ್ಬಿಯ ಮೇಲೆ ‘ಹತ್ತು ಕಿಲೋಮೀಟರು’ ಎಂದು ಅಚ್ಚಾಗಿದ್ದರೆ ಮರುಮಾತಿಲ್ಲದೆ ಹಣ ಎಣಿಸುತ್ತಾರೆ. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಎರಡು ಸೆಟ್ಟುಗಳ ನಡುವೆ, ಮರವೂ ಮನೆಯೂ ಇಲ್ಲದ ಬಯಲಿನಲ್ಲಿಯೂ, ಭೂಮಿಯ ಬಾಗೇ ಒಂಬತ್ತು ಹತ್ತು ಕಿಲೋಮೀಟರಿಗೆ ಅಡ್ಡ ಬರುತ್ತದೆ. ಆಳೆತ್ತರ ಮೀರಿದ ಹಸಿ ಕಬ್ಬು, ಗೋಕಾಕ ಫಾಲ್ಸ್ ಸುತ್ತಲಿನ ಕಲ್ಲುಗುಡ್ಡ, ಗೋದಾಮಿನ ತಗಡು ಇವೆಲ್ಲವೂ ತರಂಗವನ್ನು ತಡೆಯುತ್ತವೆ. ವ್ಯಾಟ್ ಹೆಚ್ಚಿಸಿದರಾಯಿತು ಎಂಬ ಮಾತೂ ಅರ್ಧಸತ್ಯವೇ: ಶಕ್ತಿ ನಾಲ್ಕು ಪಟ್ಟಾದರೆ ದೂರ ಹೆಚ್ಚೆಂದರೆ ಎರಡು ಪಟ್ಟು, ಅದೂ ಅಡೆತಡೆಯಿಲ್ಲದ ಕಡೆ.

ಪರೀಕ್ಷೆಗಿಂತ ಮೊದಲು ಕಾನೂನನ್ನು ನೋಡಬೇಕು. ಕೇಂದ್ರ ಸರ್ಕಾರವು 2018ರ ನಿಯಮಗಳಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ವರೆಗಿನ ಕಡಿಮೆ ಶಕ್ತಿಯ ಸೆಟ್ಟುಗಳಿಗೆ ಪರವಾನಗಿಯಿಂದ ವಿನಾಯಿತಿ ನೀಡಿದೆ. ಇವುಗಳಿಗೂ ಇಟಿಎ ಎಂಬ ಮಾದರಿ ಅನುಮೋದನೆ ಇರಬೇಕು. ಬೇಕಾದ ತರಂಗಾಂತರಕ್ಕೆ ತಿರುಗಿಸಬಹುದಾದ ಅಗ್ಗದ ಸೆಟ್ಟುಗಳು ಈ ವಿನಾಯಿತಿಗೆ ಸೇರವು. ‘ಸುಮ್ಮನೆ ಪರೀಕ್ಷೆಗೆ ಹಚ್ಚಿದೆವು’ ಎಂಬುದು ಸಮಜಾಯಿಷಿಯಾಗದು. ರೈಲ್ವೆಯ ಗಾರ್ಡು, ಚಾಲಕರೂ ವಾಕಿಟಾಕಿಯನ್ನೇ ನೆಚ್ಚಿರುವರು, ಘಟಪ್ರಭಾ ನಿಲ್ದಾಣವೋ ಊರ ನಡುವೆಯೇ ಇದೆಯೆಂಬುದನ್ನು ಮರೆಯಬಾರದು. 2025ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆನ್‌ಲೈನ್ ಮಾರಾಟಗಾರರು ತರಂಗಾಂತರ ಹಾಗೂ ಅನುಮೋದನೆಯ ವಿವರ ತೋರಿಸಬೇಕೆಂದು ಮಾರ್ಗಸೂಚಿ ಹೊರಡಿಸಿತು. ಅದೇ ವಿವರವನ್ನು ಅಂಗಡಿಯ ಬಿಲ್ಲಿನಲ್ಲಿಯೂ ಬರೆಯಿಸಿಕೊಳ್ಳುವುದು ಲೇಸು. ಬಿಲ್ಲಿಲ್ಲದ ಖರೀದಿಗೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ಕೂಡ ಇಲ್ಲ. ಉಳಿಸಿದೆವೆಂಬ ಹಣ ಅಲ್ಲಿಯೇ ಸೋರುತ್ತದೆ.

ಇನ್ನು ಪರೀಕ್ಷೆಗೆ ಯಂತ್ರೋಪಕರಣವೇನೂ ಬೇಡ. ಒಬ್ಬನು ಕಾಟಾದ ಬಳಿ ನಿಂತು ಹತ್ತು ಟ್ರ್ಯಾಕ್ಟರುಗಳ ನಂಬರು ಓದಲಿ. ಇನ್ನೊಬ್ಬನು ಅರ್ಧ ಅರ್ಧ ಕಿಲೋಮೀಟರಿಗೆ ನಿಂತು ಬರೆದುಕೊಳ್ಳಲಿ. ಹತ್ತಕ್ಕೆ ಹತ್ತು ಸರಿಯಾಗಿರುವಷ್ಟು ದೂರವೇ ಆ ಸೆಟ್ಟಿನ ನಿಜವಾದ ದೂರ. ‘ಕೇಳ್ತೈತಿ, ಕೇಳ್ತೈತಿ’ ಎಂಬ ಉತ್ತರಕ್ಕೆ ಬೆಲೆಯಿಲ್ಲ, ಏಕೆಂದರೆ ತಪ್ಪಾಗಿ ಕೇಳಿದ ನಂಬರಿನಿಂದ ಬೇರೊಬ್ಬರ ಗಾಡಿ ಮುಂದೆ ಹೋದರೆ ಜಗಳ ಕಾಟಾದವನ ತಲೆಗೇ ಬರುವುದು. ಸೆಟ್ಟನ್ನು ಸೊಂಟಕ್ಕೆ ಸಿಕ್ಕಿಸಿ ಒಮ್ಮೆ, ಮುಖದ ಬಳಿ ಹಿಡಿದು ಒಮ್ಮೆ ಓದಿಸಿದರೆ ವ್ಯತ್ಯಾಸ ತಾನೇ ತಿಳಿಯುತ್ತದೆ. ಗಾಣದ ಎಂಜಿನ್ ಓಡುತ್ತಿರುವಾಗಲೂ ಓದಿಸಬೇಕು. ಗಾಣಕ್ಕೆ ಕೈ ಸಿಕ್ಕಿದಾಗ ‘ನಿಲ್ಲಿಸು’ ಎಂಬ ಒಂದು ಮಾತು ಆ ಗದ್ದಲದಲ್ಲಿ ಕೇಳಿಸದಿದ್ದರೆ ಸೆಟ್ಟಿದ್ದೂ ಇಲ್ಲದಂತೆ.

ಬ್ಯಾಟರಿಯ ಲೆಕ್ಕವೂ ಡಬ್ಬಿಯ ಮೇಲಿನ ಲೆಕ್ಕವಲ್ಲ. ನೂರರಲ್ಲಿ ಐದು ಪಾಲು ಮಾತು, ಐದು ಪಾಲು ಆಲಿಸುವಿಕೆ, ಉಳಿದ ತೊಂಬತ್ತು ಪಾಲು ಸುಮ್ಮನಿರುವುದು ಎಂದು ಹಿಡಿದು ಗಂಟೆಗಳನ್ನು ಎಣಿಸುವ ರೂಢಿಯಿದೆ. ಹಂಗಾಮಿನಲ್ಲಿ ಯಾವ ಮೇಲ್ವಿಚಾರಕನೂ ಅಷ್ಟು ಮೌನಿಯಲ್ಲ. ಐಪಿ 54 ಎಂದರೆ ಧೂಳು, ತುಂತುರಿಗೆ ಸಾಕು. ನೀರಿನಲ್ಲಿ ಮುಳುಗಿದರೆ ತಡೆಯದು. 2019ರ ಆಗಸ್ಟಿನಲ್ಲಿ ಘಟಪ್ರಭೆಯ ಪ್ರವಾಹ ಗೋಕಾಕಕ್ಕೆ ನುಗ್ಗಿದುದನ್ನು ಕಂಡ ನದಿತೀರದ ಅಂಗಡಿಕಾರರು ಐಪಿ 67ರ ಸೆಟ್ಟಿಗೆ ಒಂದಿಷ್ಟು ಹೆಚ್ಚು ತೆತ್ತರೂ ನಷ್ಟವಿಲ್ಲ.

ಒಂದು ಜೊತೆಯನ್ನು ಮೊದಲು ತಂದು, ಮರಳಿಸುವ ಷರತ್ತನ್ನು ಬಿಲ್ಲಿನ ಮೇಲೆಯೇ ಬರೆಯಿಸಿ, ಕಬ್ಬು ಇನ್ನೂ ನಿಂತಿರುವಾಗಲೇ ಹೊಲಕ್ಕೆ ಒಯ್ಯಬೇಕು. ಕಟಾವಾದ ಹೊಲದಲ್ಲಿ ಎಲ್ಲ ಸೆಟ್ಟುಗಳೂ ಚೆನ್ನಾಗಿಯೇ ಕೇಳಿಸುತ್ತವೆ.