ಹೊಸ ಆ್ಯಪ್ ಬೇಡ ಎನ್ನುವವರು ತಂತ್ರಜ್ಞಾನದ ವಿರೋಧಿಗಳೇ?

ನಿಮ್ಮ ವಾಟ್ಸಾಪ್ ಗುಂಪಿಗೂ ಇಂಥದ್ದೊಂದು ಬಂದಿರಬಹುದು. ಯಾವುದೋ ಪ್ರತಿಭಟನೆಯ ಫೋಟೊ, ಕೆಳಗೆ ನಾಲ್ಕು ಸಾಲು. ಅಂದು ಕಂಪ್ಯೂಟರ್ ಬೇಡ ಅಂದರು, ಇಂದು ಆ್ಯಪ್ ಬೇಡ ಅಂತಾರೆ, ಇವರಿಗೆ ಕಲಿಯುವ ಮನಸ್ಸಿಲ್ಲ ಎಂಬ ಧಾಟಿ. ಫೋಟೊದಲ್ಲಿ ಒಮ್ಮೆ ಬ್ಯಾಂಕ್ ನೌಕರರು ಇರುತ್ತಾರೆ, ಇನ್ನೊಮ್ಮೆ ಅಂಗನವಾಡಿ ಕಾರ್ಯಕರ್ತೆಯರು. ಮಾತು ಮಾತ್ರ ಅದೇ.

ಇದು ಎಷ್ಟು ನಿಜ? ನಾವು ಇತ್ತೀಚಿನ ಒಂದು ಘಟನೆಯಿಂದಲೇ ಶುರು ಮಾಡುತ್ತೇವೆ.

ಫೋನ್ ವಾಪಸ್ ಕೊಟ್ಟಿದ್ದು ಯಾಕೆ?

2021ರ ಆಗಸ್ಟ್‌ನಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಸರ್ಕಾರ ಕೊಟ್ಟಿದ್ದ ಸ್ಮಾರ್ಟ್‌ಫೋನ್‌ಗಳನ್ನು ಗುಂಪು ಗುಂಪಾಗಿ ಹೋಗಿ ಕಚೇರಿಗಳಿಗೆ ಹಿಂದಿರುಗಿಸಿದರು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ‘ಪೋಷಣ್ ಟ್ರ್ಯಾಕರ್’ ಎಂಬ ಆ್ಯಪ್ ತಂದಿತ್ತು. ಮಕ್ಕಳ ತೂಕ, ಎತ್ತರ, ಹಾಜರಿ, ಗರ್ಭಿಣಿಯರಿಗೆ ಕೊಟ್ಟ ಆಹಾರ ಎಲ್ಲವನ್ನೂ ಅದರಲ್ಲಿ ತುಂಬಬೇಕಿತ್ತು.

ಫಾರ್ವರ್ಡ್ ಬರೆದವರಿಗೆ ಇಷ್ಟು ಸಾಕು. ಆದರೆ ಕಾರ್ಯಕರ್ತೆಯರು ಹೇಳಿದ ಕಾರಣಗಳನ್ನು ಓದಿ. ಫೋನುಗಳಲ್ಲಿ ಇದ್ದದ್ದು 2 ಜಿಬಿ ರ್‍ಯಾಮ್, ಹೊಸ ಆ್ಯಪ್ ಹಾಕಿದರೆ ಹ್ಯಾಂಗ್ ಆಗುತ್ತಿತ್ತು, ಬಿಸಿಯಾಗುತ್ತಿತ್ತು. ಕೆಟ್ಟರೆ ರಿಪೇರಿ ಖರ್ಚು ಅವರ ತಲೆಯ ಮೇಲೆಯೇ ಬರುತ್ತಿತ್ತು. ಮಾಹಿತಿಯನ್ನು ಇಂಗ್ಲಿಷ್‌ನಲ್ಲಿ ತುಂಬಬೇಕಿತ್ತು. ಮರಾಠಿಯಲ್ಲಿ ಓದಿ, ಮರಾಠಿಯಲ್ಲಿಯೇ ವರ್ಷಗಟ್ಟಲೆ ರಿಜಿಸ್ಟರ್ ಬರೆದವರು ಅವರು.

ಇನ್ನೊಂದು ವಿಷಯ ಫಾರ್ವರ್ಡ್‌ಗಳಲ್ಲಿ ಬರುವುದೇ ಇಲ್ಲ. ಪೋಷಣ್ ಟ್ರ್ಯಾಕರ್‌ಗೆ ಮುಂಚೆ ‘ಸಿಎಎಸ್’ ಎಂಬ ಬೇರೊಂದು ಆ್ಯಪ್ ಇತ್ತು, ಇದೇ ಕಾರ್ಯಕರ್ತೆಯರು ಅದರಲ್ಲಿ ಕೆಲಸ ಮಾಡುತ್ತಿದ್ದರು. ಅಂದರೆ ಆ್ಯಪ್ ಅವರಿಗೆ ಹೊಸದಲ್ಲ, ಕಲಿಯಲಾರದವರೂ ಅಲ್ಲ.

ಪೋಷಣ್ ಟ್ರ್ಯಾಕರ್ ಈಗ ಕನ್ನಡ, ಮರಾಠಿ ಸೇರಿ ಹಲವು ಭಾಷೆಗಳಲ್ಲಿ ಸಿಗುತ್ತದೆ. ಸಾಫ್ಟ್‌ವೇರ್ ಕಂಪನಿಗಳು ‘ಟೆಸ್ಟಿಂಗ್’ ಎಂದು ಸಂಬಳ ಕೊಟ್ಟು ಮಾಡಿಸುವ ಕೆಲಸವನ್ನು ಈ ಹೆಣ್ಣುಮಕ್ಕಳು ಪುಕ್ಕಟೆಯಾಗಿ ಮಾಡಿಕೊಟ್ಟರು ಎಂದೇ ನಮ್ಮ ಅಭಿಪ್ರಾಯ. ಆ್ಯಪ್ ಬಿಡುಗಡೆಗೆ ಮುಂಚೆ ಹತ್ತು ಅಂಗನವಾಡಿಗಳಲ್ಲಿ ಕೂತು ನೋಡಿದ್ದರೂ ಭಾಷೆಯ ಸಮಸ್ಯೆ ಮೊದಲ ದಿನವೇ ಗೊತ್ತಾಗುತ್ತಿತ್ತು.

ಬ್ಯಾಂಕಿನವರು ಕಂಪ್ಯೂಟರ್ ವಿರೋಧಿಸಿದ್ದು ಸುಳ್ಳೇ?

ಸುಳ್ಳಲ್ಲ. ಕೆಲಸ ಹೋಗುತ್ತದೆ ಎಂಬ ಭಯದಿಂದ ಬ್ಯಾಂಕ್ ನೌಕರರ ಸಂಘಗಳು ಕಂಪ್ಯೂಟರನ್ನು ಬಲವಾಗಿ ವಿರೋಧಿಸಿದ್ದವು. ಆದರೆ ಫಾರ್ವರ್ಡ್ ಅರ್ಧ ಕಥೆಗೇ ನಿಂತುಬಿಡುತ್ತದೆ. 1983ರಲ್ಲಿ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಮತ್ತು ನೌಕರರ ಸಂಘಗಳು ಎದುರುಬದುರು ಕೂತು ಯಂತ್ರೀಕರಣದ ಬಗ್ಗೆಯೇ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಯಂತ್ರಗಳನ್ನು ಎಷ್ಟರ ಮಟ್ಟಿಗೆ ಬಳಸಬಹುದು ಎಂದು ಮಾತಾಯಿತು. ಲೆಡ್ಜರ್ ಪೋಸ್ಟಿಂಗ್ ಯಂತ್ರ ನಡೆಸುವ ಗುಮಾಸ್ತರಿಗೆ ವಿಶೇಷ ಭತ್ಯೆ ಬಂತು. ಮುಂದೆ 1993ರಲ್ಲಿ ಇನ್ನೊಂದು ಒಪ್ಪಂದವಾಗಿ ಕಂಪ್ಯೂಟರ್‌ಗಳ ದಾರಿ ಮತ್ತಷ್ಟು ಸಲೀಸಾಯಿತು.

ಇದರಿಂದ ಕಂಪ್ಯೂಟರೀಕರಣ ನಿಧಾನವಾಯಿತು ಎಂದು ದೂರುವವರಿದ್ದಾರೆ, ಅದರಲ್ಲಿ ಹುರುಳೂ ಇದೆ. ಆದರೂ ದಪ್ಪ ಲೆಡ್ಜರ್‌ನಲ್ಲಿ ಕೈಬರಹದಿಂದ ಬಡ್ಡಿ ಲೆಕ್ಕ ಹಾಕುತ್ತಿದ್ದವರೇ ಮುಂದೆ ಕೀಬೋರ್ಡ್ ಮುಂದೆ ಕೂತರು. ನಿಮ್ಮ ಮನೆಯಲ್ಲಿ ಕೆನರಾ ಬ್ಯಾಂಕ್‌ನಿಂದಲೋ ಸಿಂಡಿಕೇಟ್ ಬ್ಯಾಂಕ್‌ನಿಂದಲೋ ನಿವೃತ್ತರಾದ ದೊಡ್ಡಪ್ಪ, ಅತ್ತೆ ಯಾರಾದರೂ ಇದ್ದರೆ ಆ ದಿನಗಳ ಬಗ್ಗೆ ಕೇಳಿ ನೋಡಿ. ಫಾರ್ವರ್ಡ್‌ಗಿಂತ ಒಳ್ಳೆಯ ಕಥೆ ಸಿಗುತ್ತದೆ.

ರೋಬಾಟ್ ಹೆಚ್ಚಾದರೆ ಕೆಲಸ ಚೆನ್ನಾಗುತ್ತದೆಯೇ?

ಇದಕ್ಕೆ ಅಮೆರಿಕದ ಕಾರು ಕಾರ್ಖಾನೆಗಳಲ್ಲಿ ಒಂದು ಸ್ವಾರಸ್ಯದ ಉದಾಹರಣೆ ಇದೆ. 1980ರ ದಶಕದಲ್ಲಿ ಜನರಲ್ ಮೋಟರ್ಸ್ ಕಂಪನಿ ಯಂತ್ರಗಳ ಮೇಲೆ ಕೋಟಿಗಟ್ಟಲೆ ಡಾಲರ್ ಸುರಿಯಿತು. ಡೆಟ್ರಾಯಿಟ್‌ನ ಹ್ಯಾಮ್‌ಟ್ರಾಮಿಕ್‌ನಲ್ಲಿ 1985ರಲ್ಲಿ ಶುರುವಾದ ಅದರ ಹೊಸ ಕಾರ್ಖಾನೆಯ ತುಂಬ ರೋಬಾಟ್‌ಗಳು. ಅವು ಕಾರಿಗೆ ಬಣ್ಣ ಬಳಿಯುವ ಬದಲು ಒಂದಕ್ಕೊಂದು ಬಣ್ಣ ಎರಚಿಕೊಂಡ ಕಥೆ ಆಗಿನ ಪತ್ರಿಕೆಗಳಲ್ಲಿ ಬಂದು ನಗೆಪಾಟಲಾಯಿತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಬೇರೆಯದೇ ಪ್ರಯೋಗ ನಡೆಯುತ್ತಿತ್ತು. ಅಲ್ಲಿನ ಜನರಲ್ ಮೋಟರ್ಸ್ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. ಕೆಲಸಗಾರರು ಹೇಳದೆ ಕೇಳದೆ ರಜೆ ಹಾಕುತ್ತಾರೆ, ಜಗಳಗಂಟರು ಎಂಬ ಕೆಟ್ಟ ಹೆಸರಿತ್ತು. 1984ರಲ್ಲಿ ಜಪಾನಿನ ಟೊಯೊಟಾ ಜೊತೆ ಸೇರಿ ‘ನುಮ್ಮಿ’ ಎಂಬ ಹೆಸರಲ್ಲಿ ಅದನ್ನೇ ಮತ್ತೆ ತೆರೆದರು. ಕೆಲಸಕ್ಕೆ ಬಂದವರಲ್ಲಿ ಬಹುಪಾಲು ಹಳೆಯವರೇ, ಕಾರ್ಮಿಕ ಸಂಘವೂ ಅದೇ. ಯಂತ್ರಗಳೇನೂ ಹ್ಯಾಮ್‌ಟ್ರಾಮಿಕ್‌ನಷ್ಟು ಅತ್ಯಾಧುನಿಕವಾಗಿರಲಿಲ್ಲ.

ಬದಲಾದದ್ದು ಒಂದು ಹಗ್ಗ. ಕಾರುಗಳು ಸಾಲಾಗಿ ಸಾಗುವ ಜಾಗದಲ್ಲಿ ತಲೆಯ ಮೇಲೆ ಉದ್ದಕ್ಕೂ ಕಟ್ಟಿದ ಹಗ್ಗ. ಏನಾದರೂ ತಪ್ಪು ಕಂಡರೆ ಯಾವ ಕೆಲಸಗಾರ ಬೇಕಾದರೂ ಎಳೆಯಬಹುದು. ದೀಪ ಹತ್ತಿ, ತಂಡದ ಮುಖ್ಯಸ್ಥ ಓಡಿ ಬರುತ್ತಾನೆ. ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಜಪಾನಿ ಭಾಷೆಯಲ್ಲಿ ಇದಕ್ಕೆ ‘ಆಂಡಾನ್’ ಎನ್ನುತ್ತಾರೆ, ಮೂಲದಲ್ಲಿ ಕಾಗದದ ಲಾಂದ್ರದ ಹೆಸರು. ಹಳೆಯ ಕಾರ್ಖಾನೆಯಲ್ಲಿ ಸಾಲನ್ನು ನಿಲ್ಲಿಸುವುದು ದೊಡ್ಡ ಅಪರಾಧವಾಗಿತ್ತು.

ಇನ್ನೂ ಮುಖ್ಯವಾದ ಒಂದು ಬದಲಾವಣೆ ಇತ್ತು. ಒಂದು ಕೆಲಸಕ್ಕೆ ಎಷ್ಟು ಸೆಕೆಂಡ್ ಬೇಕು, ಯಾವ ಕ್ರಮದಲ್ಲಿ ಮಾಡಬೇಕು ಎಂದು ಮೊದಲೆಲ್ಲ ಎಂಜಿನಿಯರ್ ಗಡಿಯಾರ ಹಿಡಿದು ನಿಂತು ಬರೆಯುತ್ತಿದ್ದ. ನುಮ್ಮಿಯಲ್ಲಿ ಗಡಿಯಾರ ಕೆಲಸಗಾರರ ತಂಡದ ಕೈಗೇ ಬಂತು. ತಮ್ಮ ಕೆಲಸದ ಅಳತೆ ತಾವೇ ಮಾಡಿ, ಸುಧಾರಣೆಯನ್ನೂ ತಾವೇ ಬರೆದರು. 1988ರಲ್ಲಿ ಕಾರು ಮಾರಾಟ ಕುಸಿದಾಗ ಕಂಪನಿ ಯಾರನ್ನೂ ಮನೆಗೆ ಕಳಿಸಲಿಲ್ಲ. ಗೈರುಹಾಜರಿ ಗಣನೀಯವಾಗಿ ಇಳಿಯಿತು. ಗುಣಮಟ್ಟದಲ್ಲಿ ಜಪಾನಿನ ಕಾರ್ಖಾನೆಗಳಿಗೆ ಹತ್ತಿರ ಬಂತು.

ಅದೇ ಗಡಿಯಾರ ಮೇಲಿನವರ ಕೈಯಲ್ಲಿದ್ದಾಗ ಕಾವಲಿನಂತೆ ಕಂಡಿತ್ತು.

ಕಾನೂನು ಏನು ಹೇಳುತ್ತದೆ?

ಜರ್ಮನಿಯ 1972ರ ಕಾಯ್ದೆಯೊಂದರ ಪ್ರಕಾರ, ನೌಕರರ ನಡವಳಿಕೆ ಅಥವಾ ಕೆಲಸವನ್ನು ಗಮನಿಸುವ ಉಪಕರಣ ತರಬೇಕಾದರೆ ಅವರ ಚುನಾಯಿತ ಮಂಡಳಿ ಇರುವ ಕಡೆ ಅದರ ಒಪ್ಪಿಗೆ ಬೇಕು. ಕ್ಯಾಮೆರಾಗೂ ಇದು ಅನ್ವಯ, ಸಾಫ್ಟ್‌ವೇರ್‌ಗೂ ಅನ್ವಯ.

ನಮ್ಮಲ್ಲಿ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಕಲಂ ಇತ್ತು. ಯಂತ್ರ ಅಥವಾ ವಿಧಾನದ ಸುಧಾರಣೆಯಿಂದ ಕಾರ್ಮಿಕರ ಕೆಲಸ ಹೋಗುವ ಸಾಧ್ಯತೆ ಇದ್ದರೆ 21 ದಿನ ಮುಂಚೆ ನೋಟಿಸ್ ಕೊಡಬೇಕು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ಮಾತು ಉಳಿದಿದೆ. ಗಮನಿಸಿ, ಬೇಕಿರುವುದು ನೋಟಿಸ್, ಒಪ್ಪಿಗೆ ಅಲ್ಲ. ಕೆಲಸ ಹೋಗದೆ ಬರೀ ಕೆಲಸದ ಹೊರೆ ಹೆಚ್ಚಿದರೆ, ದಿನಕ್ಕೆ ನಾಲ್ಕು ಸಲ ಫೋಟೊ ಕಳಿಸಬೇಕಾಗಿ ಬಂದರೆ, ಈ ನಿಯಮ ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಅಂಗನವಾಡಿ ಕಾರ್ಯಕರ್ತೆಯರಂತೂ ಸರ್ಕಾರದ ಲೆಕ್ಕದಲ್ಲಿ ಇನ್ನೂ ಗೌರವಧನಕ್ಕೆ ದುಡಿಯುವವರು.

ಹಾಗಾದರೆ ಫಾರ್ವರ್ಡ್ ನಿಜವೇ?

ಭಾಗಶಃ ನಿಜ, ಬಹುಪಾಲು ದಾರಿ ತಪ್ಪಿಸುವಂಥದ್ದು. ವಿರೋಧ ನಡೆದದ್ದು ನಿಜ. ಕಾರಣ ಸೋಮಾರಿತನ ಎಂಬುದಕ್ಕೆ ನಾವು ನೋಡಿದ ಪ್ರಕರಣಗಳಲ್ಲಿ ಆಧಾರವಿಲ್ಲ. ಕೆಲವರು ಹಾಜರಿ ತಪ್ಪಿಸಿಕೊಳ್ಳಲು ಆ್ಯಪ್ ವಿರೋಧಿಸುವುದೂ ಉಂಟು, ಇಲ್ಲವೆನ್ನುವುದಿಲ್ಲ. ಅಂಥವರಿಗಾಗಿ ಎಲ್ಲರನ್ನೂ ಒಂದೇ ಫೋಟೊದಲ್ಲಿ ಸೇರಿಸಿ ಹಂಚುವುದು ತಪ್ಪು.

ನಿಮ್ಮ ಆಫೀಸಿಗೋ ಶಾಲೆಗೋ ನಾಳೆ ಹೊಸ ಆ್ಯಪ್ ಬಂದರೆ, ರಿಪೇರಿ ಮತ್ತು ಡೇಟಾ ಖರ್ಚು ಯಾರದು, ಹಳೇ ರಿಜಿಸ್ಟರ್ ನಿಲ್ಲುತ್ತದೆಯೋ ಅಥವಾ ಎರಡೂ ಬರೆಯಬೇಕೋ, ಆ್ಯಪ್ ತಪ್ಪು ತೋರಿಸಿದಾಗ ಸರಿಪಡಿಸುವ ಅಧಿಕಾರ ಯಾರಿಗೆ ಎಂದು ಮೊದಲ ಸಭೆಯಲ್ಲೇ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಕೊನೆಯ ಪ್ರಶ್ನೆ ಈಗಲೇ ಎದುರಿಗಿದೆ. 2025ರ ಜುಲೈಯಿಂದ ಮನೆಗೆ ಒಯ್ಯುವ ಪೌಷ್ಟಿಕ ಆಹಾರ ಕೊಡುವಾಗ ಪೋಷಣ್ ಟ್ರ್ಯಾಕರ್‌ನಲ್ಲಿ ಫಲಾನುಭವಿಯ ಮುಖ ಗುರುತಿಸುವುದು ಕಡ್ಡಾಯವಾಗಿದೆ. ನೆಟ್‌ವರ್ಕ್ ಇಲ್ಲದ ಊರಲ್ಲಿ ಬಾಣಂತಿಯೊಬ್ಬಳು ಕೂಸು ಎತ್ತಿಕೊಂಡು ನಿಂತಿದ್ದಾಳೆ, ಫೋನ್ ಅವಳ ಮುಖ ಒಪ್ಪುತ್ತಿಲ್ಲ ಎಂದುಕೊಳ್ಳಿ. ‘ಈಕೆ ನನಗೆ ಗೊತ್ತು, ನಾನೇ ಕೊಡುತ್ತೇನೆ’ ಎನ್ನುವ ಹಗ್ಗ ಅಂಗನವಾಡಿ ಕಾರ್ಯಕರ್ತೆಯ ಕೈಗೆ ಸಿಗಬೇಕೋ ಬೇಡವೋ?